ತುಂಗೆಯ ದಾರಿ, ಭದ್ರೆಯ ದಾರಿ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಜರುಗಿದ ಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)



ಶತಮಾನೋತ್ಸವ ಸಮಿತಿಯವರು ಕೆಲವು ತಿಂಗಳ ಹಿಂದೆ ನಮ್ಮ ಬಳಿಗೆ ಬಂದು, "ಸ್ವಾಮಿಗಳೇ, ದೇವಾಲಯದ ಚರಿತ್ರೆಯನ್ನು ಕುರಿತು ತಾವೇ ನಾಲ್ಕು ಮಾತು ಹೇಳಬೇಕು" ಎಂದು ಕೇಳಿಕೊಂಡರು. ಒಪ್ಪಿಕೊಂಡು, ಬೀರುವಿನಲ್ಲಿದ್ದ ಹಳೆಯ ದಾಖಲೆ ಪುಸ್ತಕಗಳನ್ನು ತೆರೆದು ಕುಳಿತೆವು. ಜ್ಞಾನಸ್ನಾನದ ಪುಸ್ತಕ, ವಿವಾಹದ ಪುಸ್ತಕ, ಮರಣದ ಪುಸ್ತಕ. ಶಾಯಿ ಮಾಸಿದ ಆ ಹಾಳೆಗಳಲ್ಲಿ ಹೆಸರಿನ ಮುಂದೆ ಊರನ್ನು ಬರೆಯುವ ಪದ್ಧತಿಯಿತ್ತು. ಒಬ್ಬರು ಕಾರ್ಕಳದವರು, ಇನ್ನೊಬ್ಬರು ಮೂಡಬಿದಿರೆಯವರು, ಮತ್ತೊಬ್ಬರು ತೀರ್ಥಹಳ್ಳಿಯ ಕಡೆಯಿಂದ ಬಂದವರು. ಮುಂದಿನ ಹಾಳೆಗಳಲ್ಲಿ ಕೇರಳದ ಊರುಗಳೂ ಕಾಣಿಸಿಕೊಳ್ಳುತ್ತವೆ. ಓದುತ್ತಾ ಹೋದಂತೆ ಈ ಹೆಸರುಗಳೆಲ್ಲ ಒಂದೊಂದು ದಾರಿ ಹಿಡಿದು ಇಲ್ಲಿಗೆ ನಡೆದುಬಂದವೆಂಬ ಭಾವನೆ ನಮ್ಮಲ್ಲಿ ಬಲಿಯಿತು. ಆದುದರಿಂದ ದೇವಾಲಯದ ಗೋಡೆ, ಗೋಪುರ, ಗಂಟೆಗಳ ಚರಿತ್ರೆಯನ್ನು ಈ ಸಂಚಿಕೆಯ ಬೇರೆ ಲೇಖಕರಿಗೆ ಬಿಟ್ಟು, ನಾವು ಇಂದು ನಮ್ಮನ್ನು ಇಲ್ಲಿಗೆ ತಂದ ದಾರಿಯ ಚರಿತ್ರೆಯನ್ನು ಹೇಳಲು ಬಯಸುತ್ತೇವೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲೂಕುಗಳ ನೆಲವನ್ನು ಅರಿಯಬೇಕಾದರೆ ಮೊದಲು ಎರಡು ನದಿಗಳನ್ನು ಅರಿಯಬೇಕು. ಕುದುರೆಮುಖದ ಸಾಲಿನಲ್ಲಿ ಗಂಗಾಮೂಲವೆಂಬ ಎಡೆಯಲ್ಲಿ ತುಂಗೆಯೂ ಭದ್ರೆಯೂ ಹುಟ್ಟುತ್ತವೆ. ನೇತ್ರಾವತಿಯ ಮೂಲವೂ ಅಲ್ಲಿಯೇ. ಒಂದೇ ತಾಯಿಯ ಮಕ್ಕಳಂತೆ ಹುಟ್ಟಿದ ತುಂಗೆ ಭದ್ರೆಯರು ಕೂಡಲೆ ಬೇರೆ ಬೇರೆ ಕಣಿವೆಗಳನ್ನು ಹಿಡಿಯುತ್ತಾರೆ. ತುಂಗೆಯು ಶೃಂಗೇರಿ, ಹರಿಹರಪುರ, ತೀರ್ಥಹಳ್ಳಿಗಳನ್ನು ತೊಳೆದು ಶಿವಮೊಗ್ಗಕ್ಕೆ ಇಳಿಯುತ್ತಾಳೆ. ಭದ್ರೆಯು ಕಳಸ, ಬಾಳೆಹೊನ್ನೂರುಗಳ ಮೇಲಿಂದ ನರಸಿಂಹರಾಜಪುರದ ಸೀಮೆಗೆ ಬಂದು ಲಕ್ಕವಳ್ಳಿಯತ್ತ ಸಾಗುತ್ತಾಳೆ. ಶಿವಮೊಗ್ಗದ ಬಳಿ ಕೂಡಲಿಯಲ್ಲಿ ಅಕ್ಕತಂಗಿಯರಿಬ್ಬರೂ ಮತ್ತೆ ಸೇರುತ್ತಾರೆ. ಕೊಪ್ಪವು ಇವೆರಡರ ನಡುವಣ ದಿಣ್ಣೆಯಲ್ಲಿ ಕುಳಿತಿದೆ. ದಟ್ಟ ಕಾಡಿನ ಈ ನಾಡಿನಲ್ಲಿ ಮನುಷ್ಯನು ದಾರಿ ಮಾಡಿಕೊಂಡಾಗ ಬಹುಮಟ್ಟಿಗೆ ನೀರಿನ ಹಿಂದೆಯೇ ನಡೆದನು. ಹೀಗಾಗಿ ನಮ್ಮ ಸೀಮೆಯಲ್ಲಿ ತುಂಗೆಯ ದಾರಿಯೊಂದು, ಭದ್ರೆಯ ದಾರಿಯೊಂದು ಏರ್ಪಟ್ಟವು. ಈ ಎರಡು ದಾರಿಗಳಿಗೆ ಒದಗಿದ ಬೇರೆ ಬೇರೆ ಗತಿಯೇ ಇಂದಿನ ನಮ್ಮ ವಿಷಯ.

ಹಿಂದೆ ಕೆಳದಿ ಅರಸರ ಕಾಲದಿಂದಲೂ ಘಟ್ಟದ ಮೇಲಿನ ಅಡಿಕೆ, ಮೆಣಸು, ಅಕ್ಕಿ ಕೆಳಗಿಳಿಯುತ್ತಿದ್ದವು. ಕೆಳಗಿನ ಉಪ್ಪು, ಒಣಮೀನು, ಕೊಬ್ಬರಿ ಮೇಲೇರುತ್ತಿದ್ದವು. ಇವನ್ನು ಹೊತ್ತದ್ದು ಹೇರೆತ್ತುಗಳು ಮತ್ತು ಮನುಷ್ಯರ ತಲೆಗಳು. ಕಾಡಿನ ಕಾಲುದಾರಿ, ಹಳ್ಳಕ್ಕೆ ಅಡ್ಡ ಹಾಕಿದ ಸಂಕ, ಹೊಳೆಗೆ ದೋಣಿ, ಇಷ್ಟೇ ಅಂದಿನ ಹೆದ್ದಾರಿ. ಮಳೆಗಾಲ ಹಿಡಿಯಿತೆಂದರೆ ಸಂಕ ಕೊಚ್ಚಿಹೋಗಿ, ದೋಣಿ ನಿಂತು, ನಾಡು ನಾಲ್ಕು ತಿಂಗಳು ತನ್ನೊಳಗೆ ತಾನು ಮುಚ್ಚಿಕೊಳ್ಳುತ್ತಿತ್ತು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ತರುವಾಯ ಘಟ್ಟದ ಕೆಳಗಿನ ದಕ್ಷಿಣ ಕನ್ನಡವು ಕಂಪನಿಯ ವಶವಾಗಿ ಮದರಾಸಿಗೆ ಸೇರಿತು. ಘಟ್ಟದ ಮೇಲಿನ ನಾಡು ಮೈಸೂರಿನಲ್ಲಿ ಉಳಿಯಿತು. ಒಂದೇ ದಾರಿಯ ಮೇಲ್ತುದಿ ಒಂದು ಸಂಸ್ಥಾನದಲ್ಲಿ, ಕೆಳತುದಿ ಇನ್ನೊಂದು ಪ್ರಾಂತದಲ್ಲಿ. ಮೇಲಿನವರು ದಾರಿಯನ್ನು ಗಡಿಯವರೆಗೆ ಮಾಡಿದರೆ, ಕೆಳಗಿನವರು ಅಲ್ಲಿಂದ ಮುಂದಕ್ಕೆ ಮಾಡಬೇಕು. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಗುವವರೆಗೆ ಇದೇ ವ್ಯವಸ್ಥೆ ನಡೆಯಿತು. ಶೃಂಗೇರಿಯಿಂದ ಕೆರೆಕಟ್ಟೆಯ ಮೇಲೆ ಹೋದರೆ ಕಾಡಿನ ನಡುವೆ ದಾರಿ ಕವಲೊಡೆಯುವ ಸ್ಥಳವೊಂದುಂಟು. ಒಂದು ಕವಲು ಕುದುರೆಮುಖ, ಕಳಸಗಳತ್ತ ಹೋಗುತ್ತದೆ, ಇನ್ನೊಂದು ಮಾಳ, ಬಜಗೋಳಿಗಳ ಮೇಲೆ ಕಾರ್ಕಳಕ್ಕೆ ಇಳಿಯುತ್ತದೆ. ಆ ಸ್ಥಳವನ್ನು ಜನರು ಇಂದಿಗೂ ಎಸ್.ಕೆ. ಬಾರ್ಡರ್ ಎನ್ನುತ್ತಾರೆ. ಸೌತ್ ಕೆನರಾ ಎಂಬ ಜಿಲ್ಲೆಯ ಹೆಸರು ಈಗ ಇಲ್ಲ. ಅದು ಎರಡು ಸರಕಾರಗಳ ಗಡಿಯೂ ಅಲ್ಲ. ಕಾರ್ಕಳವು 1997ರಲ್ಲಿ ಹೊಸದಾಗಿ ರಚಿತವಾದ ಉಡುಪಿ ಜಿಲ್ಲೆಗೆ ಸೇರಿತು. ಆದರೂ ದಾರಿಯ ನೆನಪು ಸರಕಾರದ ನೆನಪಿಗಿಂತ ದೀರ್ಘವಾದುದರಿಂದ ಆ ಹೆಸರು ಉಳಿದುಕೊಂಡಿದೆ.

ನಮ್ಮ ಪೂರ್ವಿಕರಲ್ಲಿ ಬಹಳ ಮಂದಿ ಆ ಗಡಿಯನ್ನು ದಾಟಿ ಬಂದವರು. ಕಾಫಿ ತೋಟಗಳು ಹೆಚ್ಚಿದಂತೆ ಘಟ್ಟದ ಕೆಳಗಿನ ಕೊಂಕಣಿ ಕಥೋಲಿಕರು ಮಳೆ ಕಳೆದ ಮೇಲೆ ಘಟ್ಟ ಹತ್ತಿ, ತೋಟದ ಲೈನುಗಳಲ್ಲಿ ಬಿಡಾರ ಹೂಡಿ, ಮಳೆಗೆ ಮುನ್ನ ಇಳಿದುಹೋಗುತ್ತಿದ್ದರು. ಕೆಲವರು ಇಳಿಯದೆ ಉಳಿದರು. ಮಲೇರಿಯಾ ಜ್ವರದ ಹಾವಳಿಯಿಂದ ಮಲೆನಾಡಿನ ಮನೆಗಳು ಪಾಳುಬೀಳುತ್ತಿದ್ದ ದಿನಗಳವು. ಮರಣದ ಪುಸ್ತಕದ ಮೊದಲ ಹಾಳೆಗಳಲ್ಲಿ ಎಳೆಯ ಮಕ್ಕಳ ಹೆಸರುಗಳೇ ಹೆಚ್ಚಾಗಿವೆ, ಕಾರಣದ ಅಂಕಣದಲ್ಲಿ ಜ್ವರ ಎಂಬ ಒಂದೇ ಮಾತು. ಅಂದು ಈ ಭಾಗವೆಲ್ಲ ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದಿತು; ಪ್ಯಾರಿಸ್ ಮಿಷನ್ನಿನ ಗುರುಗಳು ಅದನ್ನು ನೋಡಿಕೊಳ್ಳುತ್ತಿದ್ದರು. ಚಿಕ್ಕಮಗಳೂರು ಧರ್ಮಪ್ರಾಂತ್ಯವು ಸ್ಥಾಪಿತವಾದದ್ದು 1963ರಲ್ಲಿ. ಅಂದಿನ ಗುರುಗಳು ಕುದುರೆಯ ಮೇಲೆ, ಎತ್ತಿನ ಗಾಡಿಯಲ್ಲಿ, ಹೆಚ್ಚಾಗಿ ಕಾಲ್ನಡಿಗೆಯಲ್ಲಿ, ಕಂಬಳಿಕೊಪ್ಪೆ ಹಾಕಿಕೊಂಡು ಜಿಗಣೆ ಕಿತ್ತುಕೊಳ್ಳುತ್ತಾ ಮನೆಯಿಂದ ಮನೆಗೆ ಹೋದರೆಂದು ಹಿರಿಯರು ಹೇಳುತ್ತಿದ್ದರು. ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ ಜನಿಸಿದ ಕುವೆಂಪು ಅವರು ತಮ್ಮ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಪಾದ್ರಿಯೊಬ್ಬರ ಬೈಸಿಕಲ್ಲನ್ನು ಕಂಡು ಬೆರಗಾಗುವ ಮಲೆನಾಡನ್ನು ಚಿತ್ರಿಸಿದ್ದಾರೆ. ಚಕ್ರವೊಂದು ಉರುಳುವಷ್ಟು ದಾರಿ ಈ ನಾಡಿಗೆ ಬಂದದ್ದೇ ಅಂದು ದೊಡ್ಡ ಸುದ್ದಿಯಾಗಿತ್ತು.

ಈಗ ಭದ್ರೆಯ ದಾರಿಗೆ ಬರೋಣ. ಇಂದಿನವರಿಗೆ ನಂಬಲು ಕಷ್ಟವಾದೀತು: ಒಂದು ಕಾಲದಲ್ಲಿ ಹೊರಲೋಕಕ್ಕೆ ಹೆಚ್ಚು ಹತ್ತಿರವಾಗಿದ್ದುದು ಭದ್ರೆಯ ದಾರಿಯೇ. ಬೀರೂರಿನಿಂದ ಶಿವಮೊಗ್ಗಕ್ಕೆ 1899ರಲ್ಲಿ ರೈಲುಮಾರ್ಗ ತೆರೆಯಿತು, ತರೀಕೆರೆಯು ಅದರ ಮೇಲಿನ ನಿಲ್ದಾಣವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರವರೆಗಿನ ಅವಧಿಯಲ್ಲಿ ಮಲೆನಾಡಿನ ಅಭಿವೃದ್ಧಿಗೆ ಯೋಜನೆಗಳು ಹುಟ್ಟಿದವು. ಎಡೇಹಳ್ಳಿ ಎಂಬ ಊರು, 1915ರಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಭೇಟಿಯಿತ್ತ ನೆನಪಿಗೆ, ನರಸಿಂಹರಾಜಪುರವಾಯಿತು. ಅಲ್ಲಿಗೆ ತರೀಕೆರೆಯಿಂದ ಕಿರು ರೈಲೊಂದು ಬಂದಿತು. ಹಳಿಗಳ ನಡುವಣ ಅಂತರ ಕೇವಲ ಎರಡು ಅಡಿ. ಕಾಡಿನ ಮರಮಟ್ಟು, ತೋಟದ ಅಡಿಕೆ, ಸಂತೆಯ ಸಾಮಾನು, ಇವುಗಳ ಜೊತೆಗೆ ಜನರನ್ನೂ ಹೊತ್ತು, ಕಣಿವೆಯ ಅಂಕುಡೊಂಕುಗಳಲ್ಲಿ ಏದುಸಿರು ಬಿಡುತ್ತಾ ಅದು ಬರುತ್ತಿತ್ತು. ಕೊಪ್ಪ, ಶೃಂಗೇರಿಗಳ ಕಡೆಯವರು ಎತ್ತಿನ ಗಾಡಿಯಲ್ಲಿ ನರಸಿಂಹರಾಜಪುರವನ್ನು ತಲಪಿದರೆ ಸಾಕು, ರೈಲು ಹತ್ತಿ ತರೀಕೆರೆಗೆ ಹೋಗಿ, ಅಲ್ಲಿಂದ ಬೆಂಗಳೂರು ಮೈಸೂರುಗಳನ್ನು ಸೇರಬಹುದಾಗಿತ್ತು.

ಆ ದಾರಿಯು ಸವೆದು ಹೋಗಲಿಲ್ಲ, ಮುಳುಗಿಹೋಯಿತು. ಲಕ್ಕವಳ್ಳಿಯ ಬಳಿ ಭದ್ರಾ ಅಣೆಕಟ್ಟಿನ ಕೆಲಸ 1947ರಲ್ಲಿ ಆರಂಭವಾಗಿ 1960ರ ದಶಕದಲ್ಲಿ ಪೂರ್ಣಗೊಂಡಿತು. ಸುಮಾರು 71.5 ಟಿ.ಎಂ.ಸಿ. ನೀರು ನಿಲ್ಲುವ ಆ ಜಲಾಶಯವು ಕಣಿವೆಯನ್ನು ತುಂಬಿಕೊಂಡಿತು. ಗದ್ದೆ, ತೋಟ, ಊರು, ಗುಡಿ, ಹಳೆಯ ದಾರಿ, ಕಿರು ರೈಲಿನ ಪಥ ಎಲ್ಲವೂ ನೀರಿನ ಪಾಲಾದವು. ಆ ನೀರು ಶಿವಮೊಗ್ಗ, ದಾವಣಗೆರೆಗಳ ಬಯಲುಸೀಮೆಯಲ್ಲಿ ಲಕ್ಷಗಟ್ಟಲೆ ಎಕರೆ ನೆಲವನ್ನು ಹಸಿರು ಮಾಡಿತೆಂಬುದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ಆದರೆ ಒಬ್ಬರ ಗದ್ದೆಗೆ ನೀರು ಹರಿಯಬೇಕಾದರೆ ಇನ್ನೊಬ್ಬರ ದಾರಿ ಮುಳುಗಬೇಕಾಯಿತು ಎಂಬುದನ್ನೂ ಮರೆಯಬಾರದು. ಅಂದಿನಿಂದ ನರಸಿಂಹರಾಜಪುರದ ಮುಖವೇ ತಿರುಗಿತು. ತರೀಕೆರೆಯತ್ತ ಮುಖಮಾಡಿದ್ದ ಪೇಟೆಯು ಮುತ್ತಿನಕೊಪ್ಪ, ಉಂಬ್ಳೇಬೈಲುಗಳ ಕಾಡುದಾರಿಯಲ್ಲಿ ಶಿವಮೊಗ್ಗದತ್ತ ತಿರುಗಬೇಕಾಯಿತು. ತಾಲೂಕು ಕೇಂದ್ರವಾಗಿಯೇ ಉಳಿದರೂ ಅದು ದೊಡ್ಡ ದಾರಿಯ ಊರಾಗಿ ಉಳಿಯಲಿಲ್ಲ. ಇದೇ ಸೀಮೆಯಲ್ಲಿ ಕೇರಳದಿಂದ ಬಂದ ನಮ್ಮ ಸಿರೋ ಮಲಬಾರ್ ಸಂಪ್ರದಾಯದ ಬಾಂಧವರು ಕಾಡಂಚಿನ ನೆಲವನ್ನು ಹಸನು ಮಾಡಿ ನೆಲೆನಿಂತರು. ಅವರಿಗಾಗಿ 2007ರಲ್ಲಿ ಭದ್ರಾವತಿ ಧರ್ಮಪ್ರಾಂತ್ಯವು ಸ್ಥಾಪಿತವಾಯಿತು.

ತುಂಗೆಯ ದಾರಿಯ ಗತಿ ಬೇರೆಯಾಯಿತು. ಸೊಲ್ಲಾಪುರದಿಂದ ಬಿಜಾಪುರ, ಹೊಸಪೇಟೆ, ಚಿತ್ರದುರ್ಗ, ಶಿವಮೊಗ್ಗಗಳ ಮೇಲೆ ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 13 ರೂಪುಗೊಂಡಾಗ, ತೀರ್ಥಹಳ್ಳಿಯವರೆಗೆ ತುಂಗೆಯ ದಡವನ್ನು ಹಿಡಿದು ಬಂದ ಆ ಮಾರ್ಗದ ಮುಂದೆ ಎರಡು ಘಟ್ಟಗಳಿದ್ದವು. ಒಂದು ಆಗುಂಬೆ. ಹೆಸರುವಾಸಿಯಾದ ಹಳೆಯ ಘಟ್ಟ, ಹದಿನಾಲ್ಕು ಬಿಗಿಯಾದ ತಿರುವುಗಳು, ದೊಡ್ಡ ವಾಹನಗಳಿಗೆ ಒಗ್ಗದ ಕಡಿದು. ಇನ್ನೊಂದು ಶೃಂಗೇರಿ, ನೆಮ್ಮಾರು, ಕೆರೆಕಟ್ಟೆಗಳ ಮೇಲೆ ಎಸ್.ಕೆ. ಬಾರ್ಡರ್ ದಾಟಿ ಮಾಳಕ್ಕೆ ಇಳಿಯುವ ದಾರಿ. ರಾಷ್ಟ್ರೀಯ ಹೆದ್ದಾರಿಯು ಆಗುಂಬೆಯನ್ನು ಬಿಟ್ಟು ಕೊಪ್ಪ ತಾಲೂಕಿನ ನೆಲವನ್ನು ಹಾಯ್ದು ಶೃಂಗೇರಿಯನ್ನು ಹಿಡಿಯಿತು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಾಗ ಆ ಉದ್ದನೆಯ 13 ತುಂಡಾಗಿ, ಶಿವಮೊಗ್ಗದಿಂದ ಮಂಗಳೂರಿನವರೆಗಿನ ಭಾಗವು 169 ಆಯಿತು. ಆಗುಂಬೆಯ ದಾರಿಯೂ ಮುಂದೆ ರಾಷ್ಟ್ರೀಯ ಹೆದ್ದಾರಿಯ ಪಟ್ಟಕ್ಕೇರಿ, ತೀರ್ಥಹಳ್ಳಿಯಿಂದ ಉಡುಪಿ, ಮಲ್ಪೆಗಳಿಗೆ ಹೋಗುವ 169ಎ ಎನಿಸಿತು.

ಹೀಗೆ ಒಂದೇ ಬೆಟ್ಟದಲ್ಲಿ ಹುಟ್ಟಿದ ಎರಡು ನದಿಗಳ ಪೈಕಿ ಒಂದರ ದಾರಿಗೆ ದೆಹಲಿಯಿಂದ ಸಂಖ್ಯೆ ಬಂದಿತು. ಇನ್ನೊಂದರ ದಾರಿ ನೀರಿನ ತಳ ಸೇರಿತು. ಇದರಲ್ಲಿ ಅಲ್ಲಿಯವರ ಪುಣ್ಯವೂ ಇಲ್ಲ, ಇಲ್ಲಿಯವರ ಪಾಪವೂ ಇಲ್ಲ.

ಸಂಖ್ಯೆ ಬಂದ ಮಾತ್ರಕ್ಕೆ ತುಂಗೆಯ ದಾರಿಯ ಕಷ್ಟ ಮುಗಿಯಲಿಲ್ಲವೆಂಬುದು ತಮಗೆಲ್ಲ ತಿಳಿದೇ ಇದೆ. 1976ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪಿತವಾಯಿತು. ಅದಿರು 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ನೀರಿನೊಡನೆ ಬೆರೆತು ಮಂಗಳೂರಿಗೆ ಹೋದರೂ, ಯಂತ್ರಗಳೂ ಜನರೂ ದಾರಿಯ ಮೇಲೆಯೇ ಬರಬೇಕಾಗಿತ್ತು. ನಾವು ಗುರುಮಠದ ವಿದ್ಯಾರ್ಥಿಯಾಗಿದ್ದಾಗ ರಜೆಯಲ್ಲಿ ಊರಿಗೆ ಬರುತ್ತಾ, ನಿರ್ಜನವಾಗಿದ್ದ ಆ ಕಾಡಿನ ಕವಲಿನಲ್ಲಿ ಲಾರಿಗಳ ಸಾಲನ್ನು ಕಂಡು ಬೆರಗಾದದ್ದುಂಟು. 1987ರಲ್ಲಿ ಅದೇ ಕಾಡು ಕುದುರೆಮುಖ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಯಲ್ಲಿ ಗಣಿ ನಿಂತಿತು. ಈಗ ಶೃಂಗೇರಿಯ ಕಡೆಯಿಂದ ಹೋಗುವವರು ತನಿಕೋಡಿನ ತನಿಖಾ ಠಾಣೆಯಲ್ಲಿ ವಾಹನ ನಿಲ್ಲಿಸಿ, ಹೊತ್ತು ಬರೆದ ಚೀಟಿ ಪಡೆದು, ನಿಗದಿಯಾದ ಸಮಯದೊಳಗೆ ಕಾಡನ್ನು ದಾಟಬೇಕು. ಕೆಳಗೆ ಮಂಗಳೂರಿನ ಬಿಕರ್ನಕಟ್ಟೆಯಿಂದ ಕಾರ್ಕಳದ ಸಾಣೂರಿನವರೆಗೆ ಇದೇ ಹೆದ್ದಾರಿಯನ್ನು ನಾಲ್ಕು ಪಥಗಳಾಗಿ ಅಗಲಿಸುವ ಕೆಲಸ ಕೈಗೊಂಡಿದ್ದಾರೆ. ಮೇಲೆ ಕಾಡಿನೊಳಗೆ ಅದೇ ಹೆದ್ದಾರಿ ಕಿರಿದಾಗಿಯೇ ಇದೆ. ಮಳೆಗಾಲದಲ್ಲಿ ನೆಮ್ಮಾರಿನ ಬಳಿ ಗುಡ್ಡ ಜರಿಯುತ್ತದೆ.

ಈ ಕಾಡಿನೊಳಗಿನ ದಾರಿಯನ್ನೂ ಅಗಲಿಸಬೇಕೆಂದು ನಮ್ಮಲ್ಲಿ ಅನೇಕರು ಬಯಸುತ್ತಾರೆ. ಬೇಡವೆನ್ನುವವರೂ ಇದ್ದಾರೆ. ಎರಡು ಪಕ್ಷದವರೂ ನಮ್ಮ ಬಳಿ ಬಂದು ಮಾತನಾಡಿದ್ದಾರೆ. ನಮ್ಮ ಅಭಿಪ್ರಾಯವನ್ನು ಮುಚ್ಚಿಡದೆ ಹೇಳುತ್ತೇವೆ. ಆ ಕಾಡಿನಲ್ಲಿ ಎರಡು ನದಿಗಳ ತೊಟ್ಟಿಲಿದೆ. ಗುಡ್ಡವನ್ನು ನೆಟ್ಟಗೆ ಕಡಿದರೆ ಅದು ಮಳೆಗೆ ನಿಲ್ಲುವುದಿಲ್ಲವೆಂಬುದನ್ನು ನಮ್ಮ ಕಣ್ಣೇ ಕಂಡಿದೆ. ಆದುದರಿಂದ ನಾವು ಕೇಳಬೇಕಾದುದು ಅಗಲವನ್ನಲ್ಲ. ಗುಂಡಿಯಿಲ್ಲದ ಮೈ, ನೀರು ಹರಿದುಹೋಗುವ ಚರಂಡಿ, ಜರಿಯುವಲ್ಲಿ ತಡೆಗೋಡೆ, ರೋಗಿಯ ವಾಹನಕ್ಕೆ ಯಾವ ಹೊತ್ತಿನಲ್ಲಿಯೂ ತಡೆಯಿಲ್ಲದ ದಾರಿ. ಇಷ್ಟು ದೊರೆತರೆ ಹೆದ್ದಾರಿಯ ಋಣ ತೀರಿತು. ಉಳಿದ ಹಣವನ್ನು ಹೆದ್ದಾರಿ ಮುಟ್ಟದ ಊರುಗಳ ದಾರಿಗೆ ಹಾಕಲಿ.

ಹೀಗೆ ಹೇಳಲು ನಮಗೊಂದು ಕಾರಣವುಂಟು. ಸುಮಾರು ಮೂವತ್ತೈದು ವರ್ಷಗಳ ಹಿಂದೆ, ನಾವು ಹೊಸದಾಗಿ ಗುರುದೀಕ್ಷೆ ಪಡೆದು ಭದ್ರೆಯ ಕಡೆಯ ಒಂದು ಧರ್ಮಕೇಂದ್ರದಲ್ಲಿ ಸಹಾಯಕರಾಗಿದ್ದೆವು. ಆಷಾಢದ ಒಂದು ರಾತ್ರಿ ಹಿನ್ನೀರಿನಾಚೆಯ ಮನೆಯಿಂದ ಹುಡುಗನೊಬ್ಬ ಬಂದು, ಅಜ್ಜಿಗೆ ಅಂತಿಮ ಅಭ್ಯಂಗನ ಬೇಕೆಂದು ತಿಳಿಸಿದ. ಅವನು ಸಂಜೆಯೇ ದೋಣಿಯಲ್ಲಿ ದಾಟಿದ್ದನು. ಆ ಹೊತ್ತಿಗೆ ಗಾಳಿ ಎದ್ದು ದೋಣಿಯವನು ಹುಟ್ಟು ಹಾಕಲು ಒಪ್ಪಲಿಲ್ಲ. ಅವನ ತಪ್ಪಲ್ಲ. ನೀರಿನ ಮೇಲೆ ಕೂಗಳತೆಯಲ್ಲಿ ಆ ಮನೆಯ ಲಾಟೀನು ಕಾಣಿಸುತ್ತಿತ್ತು. ಜೀಪೊಂದನ್ನು ಹಿಡಿದು, ಸುತ್ತಿನ ದಾರಿಯಲ್ಲಿ, ಬಿದ್ದ ಮರಗಳನ್ನು ಕಡಿಯುತ್ತಾ ನಾವು ಅಲ್ಲಿಗೆ ತಲಪಿದಾಗ ಬೆಳಗಾಗಿತ್ತು. ಅಜ್ಜಿ ತೀರಿಕೊಂಡಿದ್ದರು. ಅವರ ಮಗ ನಮ್ಮನ್ನು ದೂರಲಿಲ್ಲ. ಕಾಫಿ ಕೊಟ್ಟು, "ಮೊದಲು ಇಲ್ಲೇ ಮುಂದೆ ದಾರಿ ಇತ್ತು ಸ್ವಾಮಿ, ಗಾಡಿ ಓಡಾಡುತ್ತಿತ್ತು" ಎಂದು ನೀರಿನ ಕಡೆಗೆ ಕೈ ತೋರಿಸಿದರು. ನಾವು ಸಿದ್ಧಪಡಿಸಿಕೊಂಡು ಹೋಗಿದ್ದ ಸಾಂತ್ವನದ ಮಾತುಗಳು ಬಾಯಿಂದ ಹೊರಡಲಿಲ್ಲ.

ದಾರಿಗಳು ಬದಲಾಗುವುದು ಅಣೆಕಟ್ಟಿನಿಂದ ಮಾತ್ರವಲ್ಲ. ಬಸ್ಸು ನಿಂತರೆ ದಾರಿ ಇದ್ದೂ ಇಲ್ಲದಂತೆಯೇ. ಇದನ್ನು ನಮ್ಮ ಕೊಪ್ಪದವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. 1991ರಲ್ಲಿ ಖಾಸಗಿ ಬಸ್ಸು ಕಂಪನಿಯೊಂದು ನಿಂತಾಗ ಅದರ ಕೆಲಸಗಾರರು, ಚಾಲಕರು, ನಿರ್ವಾಹಕರು, ಮೆಕ್ಯಾನಿಕ್ಕುಗಳು, ತಾವೇ ಒಂದಾಗಿ ಸಹಕಾರ ಸಂಘ ಕಟ್ಟಿ 'ಸಹಕಾರ ಸಾರಿಗೆ'ಯನ್ನು ಆರಂಭಿಸಿದರು. ಕಾರ್ಮಿಕರೇ ಒಡೆಯರಾಗಿ ನಡೆಸಿದ ಆ ಸಂಸ್ಥೆಯನ್ನು ನೋಡಲು ದೂರದೂರದಿಂದ ಜನರು ಬಂದರು. ಲಾಭವಿಲ್ಲದ ಒಳದಾರಿಗಳಲ್ಲಿಯೂ ಅದರ ಬಸ್ಸು ಓಡಿತು. ಶಾಲೆಯ ಮಕ್ಕಳನ್ನು ರಿಯಾಯಿತಿಯಲ್ಲಿ ಕರೆದೊಯ್ದಿತು. ಅಂಗಡಿಯ ಔಷಧಿಯ ಪೊಟ್ಟಣ, ಮದುವೆಯ ಕರೆಯೋಲೆ, ನಮ್ಮ ಹಬ್ಬದ ಸೂಚನಾಪತ್ರ ಇವನ್ನೆಲ್ಲ ಕಂಡಕ್ಟರ ಕೈಗೆ ಕೊಟ್ಟರೆ ಸರಿಯಾದ ಮನೆಗೆ ತಲಪುತ್ತಿದ್ದವು. ಸುಮಾರು ಮೂರು ದಶಕ ನಡೆದು, ನಷ್ಟದ ಹೊರೆ ತಾಳಲಾರದೆ, 2020ರ ಆರಂಭದಲ್ಲಿ ಅದು ನಿಂತುಹೋಯಿತು. ಹೆದ್ದಾರಿಯ ಊರುಗಳಿಗೆ ಬೇರೆ ಬಸ್ಸುಗಳು ದೊರೆತವು. ಒಳಗಿನ ಕೆಲವು ಊರುಗಳಲ್ಲಿ ಬಸ್ಸಿನ ಸದ್ದೇ ಕೇಳದಾಯಿತು.

ಇಲ್ಲಿ ನಾವು ನಮ್ಮ ತಪ್ಪೊಂದನ್ನು ತಮ್ಮೆಲ್ಲರ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ನಮ್ಮ ಧರ್ಮಕೇಂದ್ರಕ್ಕೆ ಸೇರಿದ ಒಂದು ಚಿಕ್ಕ ಉಪಕೇಂದ್ರವಿದೆ. ಅದು ಹಳೆಯ ಗಾಡಿದಾರಿಯ ಮೇಲಿದೆ. ಒಂದು ಕಾಲದಲ್ಲಿ ಹತ್ತು ಹನ್ನೆರಡು ಮನೆಗಳಿದ್ದ ಸ್ಥಳದಲ್ಲಿ ಈಗ ಮೂರು ಮನೆಗಳಿವೆ, ಮೂರರಲ್ಲೂ ವಯಸ್ಸಾದವರೇ. ತಿಂಗಳಿಗೊಮ್ಮೆ ಅಲ್ಲಿ ಬಲಿಪೂಜೆ ನಡೆಯುತ್ತಿತ್ತು. ಬಸ್ಸು ನಿಂತ ಮೇಲೆ, ಆಮೇಲೆ ಸಾಂಕ್ರಾಮಿಕ ರೋಗದ ದಿನಗಳು ಬಂದ ಮೇಲೆ, ನಾವು ಆ ಊರಿನ ಹೆಸರನ್ನು ಪಟ್ಟಿಯಿಂದ ತೆಗೆದೆವು. ಮತ್ತೆ ಸೇರಿಸಲಿಲ್ಲ. ಮಳೆಗೆ ದಾರಿ ಸರಿಯಿಲ್ಲ, ಜನರೂ ಕಡಿಮೆ, ಹೆದ್ದಾರಿಯ ಬದಿಯ ಕೇಂದ್ರಕ್ಕೆ ಅವರೇ ಬರಲಿ ಎಂದು ಕಾರಣ ಕೊಟ್ಟುಕೊಂಡೆವು. ಎಂಬತ್ತು ದಾಟಿದವರು ಹೇಗೆ ಬರುವರೆಂದು ಯೋಚಿಸಲಿಲ್ಲ. ಈ ಉಪನ್ಯಾಸಕ್ಕಾಗಿ ಹಳೆಯ ಪುಸ್ತಕಗಳನ್ನು ತಿರುವುತ್ತಿದ್ದಾಗ ಅದೇ ಊರಿನ ಹೆಸರು ಜ್ಞಾನಸ್ನಾನದ ಮೊದಲನೆಯ ಹಾಳೆಯಲ್ಲಿಯೇ ಕಾಣಿಸಿತು. ಈ ಧರ್ಮಕೇಂದ್ರದ ಮೊದಲ ಮಕ್ಕಳಲ್ಲಿ ಕೆಲವರು ಅಲ್ಲಿಯವರು. ಕುದುರೆಯ ಮೇಲೆ, ಕಾಲ್ನಡಿಗೆಯಲ್ಲಿ ಹೋದ ಗುರುಗಳಿಗೆ ದೂರವಾಗದ ಊರು, ಜೀಪಿರುವ ನಮಗೆ ದೂರವಾಗಿತ್ತು. ಅಣೆಕಟ್ಟು ಕಟ್ಟಿದವರನ್ನು, ಹೆದ್ದಾರಿ ತಿರುಗಿಸಿದವರನ್ನು ನಾವು ಯಾವ ಬಾಯಿಂದ ಪ್ರಶ್ನಿಸುವುದು?

ಜೆರಿಕೋವಿನ ದಾರಿಯ ಸಮಾರಿಯದವನನ್ನು ತಾವೆಲ್ಲ ಬಲ್ಲಿರಿ. ಆ ದಾರಿಯಲ್ಲಿ ಮುಂದೆ ಹೋದ ಇಬ್ಬರೂ ದೇವರ ಕೆಲಸದವರೇ, ಅವರು ನಡೆದದ್ದು ಸರಿಯಾದ ಹೆದ್ದಾರಿಯಲ್ಲಿಯೇ. ನಿಂತು, ಪಕ್ಕಕ್ಕೆ ತಿರುಗಿದವನು ಮಾತ್ರ ಮೂರನೆಯವನು. ಈ ದೃಷ್ಟಾಂತವನ್ನು ನಾವು ಎಷ್ಟೋ ಬಾರಿ ಬೋಧಿಸಿದ್ದೇವೆ. ಅದರ ಮೊದಲನೆಯ ವ್ಯಕ್ತಿ ನಾವೇ ಆಗಿರಬಹುದೆಂದು ಈ ವರ್ಷ ತೋರಿತು.

ಆದುದರಿಂದ ಶತಮಾನೋತ್ಸವದ ಸ್ಮಾರಕವಾಗಿ ಏನು ಮಾಡೋಣವೆಂದು ಸಮಿತಿಯವರು ಕೇಳಿದಾಗ, ಹೆದ್ದಾರಿಯ ಕಡೆಗೆ ಹೊಸ ಕಮಾನಿನ ಬಾಗಿಲು ಕಟ್ಟುವ ಯೋಜನೆಯನ್ನು ಸದ್ಯಕ್ಕೆ ಮುಂದೂಡಬೇಕೆಂದು ವಿನಂತಿಸಿದೆವು. ಅವರು ದೊಡ್ಡ ಮನಸ್ಸಿನಿಂದ ಒಪ್ಪಿದ್ದಾರೆ. ಅದರ ಬದಲು, ಬಸ್ಸಿಲ್ಲದ ಊರುಗಳ ವೃದ್ಧರನ್ನೂ ರೋಗಿಗಳನ್ನೂ, ಅವರು ಯಾವ ಮತದವರೇ ಆಗಿರಲಿ, ಆಸ್ಪತ್ರೆಗೆ ಕರೆದೊಯ್ಯಲು ವಾಹನವೊಂದನ್ನು ಇಡುವುದಾಗಿ ನಿಶ್ಚಯವಾಗಿದೆ. ಪಟ್ಟಿಯಿಂದ ತೆಗೆದ ಆ ಉಪಕೇಂದ್ರದಲ್ಲಿ ಬರುವ ತಿಂಗಳ ಮೊದಲ ಶನಿವಾರದಿಂದ ಬಲಿಪೂಜೆ ಮತ್ತೆ ನಡೆಯುತ್ತದೆ. ದಾರಿ ಕೆಟ್ಟಿದ್ದರೆ ನಾವು ನಡೆದು ಹೋಗುತ್ತೇವೆ. ನಮ್ಮೊಡನೆ ನಡೆಯಲು ಯುವಕರು ಯಾರಾದರೂ ಮುಂದೆ ಬಂದರೆ ಸಂತೋಷ. ಬಿದ್ದ ಸಂಕವನ್ನು ಸರಿಪಡಿಸಲು ಹಾರೆ ಗುದ್ದಲಿ ತಂದರೆ ಇನ್ನೂ ಸಂತೋಷ.

ಇನ್ನು ನೂರು ವರ್ಷಗಳಲ್ಲಿ ಈ ಹೆದ್ದಾರಿ ಮತ್ತೊಮ್ಮೆ ತಿರುಗಬಹುದು. ಸಂಖ್ಯೆ ಬದಲಾಗಬಹುದು. ಇಂದು ದಾರಿಯ ಮೇಲಿರುವ ನಮ್ಮ ದೇವಾಲಯವೇ ಅಂದು ದಾರಿಯಿಂದ ದೂರ ಉಳಿದೀತು. ಹಾಗಾದ ದಿನ, ದೊಡ್ಡ ದಾರಿಯನ್ನು ಬಿಟ್ಟು ಇತ್ತ ತಿರುಗಿ ಬರುವ ಒಬ್ಬ ಗುರು, ಒಂದಿಷ್ಟು ನೆರೆಹೊರೆಯವರು ನಮ್ಮ ಮೊಮ್ಮಕ್ಕಳಿಗೆ ದೊರೆಯಲಿ ಎಂದು ಪ್ರಾರ್ಥಿಸೋಣ. ಅದಕ್ಕೆ ಯೋಗ್ಯರಾಗುವಂತೆ ಇಂದು ನಡೆಯೋಣ.